ಪೆಡಲ್ ತಳ ಮುಟ್ಟಿದಾಗ

ವಾರದಿಂದ ಬಲಗಾಲಿ ಕೀಚುಗುಡುತ್ತಿತ್ತು.
ಗ್ಯಾರೇಜಿನ ಬಾಬ್ಲೋ ಕೇಳಿದ್ದು ಹದಿನೆಂಟು ನೂರು,
ಪ್ಯಾಡಿನ ದುಡ್ಡು ಬೇರೆ.
ಹಾಗಾಗಿ ಭಾನುವಾರ, ವಾಸ್ಕೋದ ಮ್ಯಾಂಗೋರ್ ಹಿಲ್ಲಿನಲ್ಲಿ,
ಚಾಳಿನ ಮುಂದಿನ ಎರಡು ಮಾರು ಸಪಾಟು ಜಾಗದಲ್ಲಿ
ದಾವಲಬಿ ಮತ್ತು ನಾನು.

ಅವಳಿಗೆ ಹನ್ನೊಂದು. ನನ್ನ ಅವ್ವನ ಹೆಸರು,
ಶಾಲೆಯಲ್ಲಿ ಪೂರ್ತಿ ಹೇಳುವುದಿಲ್ಲ.
ನನ್ನ ಹಳೆಯ ಅಂಗಿ ತೊಟ್ಟಿದ್ದಾಳೆ, ತೋಳಿಗೆ ನಾಲ್ಕು ಮಡಿಕೆ.

"ಮೊದಲ ಹಿಂದಿನ ಗಾಲಿಗೆ ಕಲ್ಲ ಕೊಡು."
ಚಿರೇಕಲ್ಲಿನ ತುಂಡು ಅವುಚಿಕೊಂಡು ಬಂದಳು,
ಎದೆಯ ತುಂಬ ಕೆಂಪು.
"ಹ್ಯಾಂಡ್‌ಬ್ರೇಕ್ ಎಳದೇವಲ್ಲ, ಮತ್ಯಾಕ ಕಲ್ಲು?"
"ಕಲ್ಲಿಗೆ ವೈರ್ ಇಲ್ಲ ಮಗಳ, ಹರಿಯೂದಿಲ್ಲ."

ನಟ್ಟು ಸಡಿಲಿಸುವುದು ಗಾಲಿ ನೆಲದ ಮೇಲಿದ್ದಾಗಲೇ.
ಪಾನಾದ ಮೇಲೆ ಎರಡೂ ಕಾಲಿಟ್ಟು ನಿಂತಳು,
ಕುಣಿದಳು,
ಕಿರ್ ಅಂತ ಅದು ಸೋತಾಗ ಓಣಿಗೆಲ್ಲ ಕೇಳುವಂತೆ ನಕ್ಕಳು.
ಒಣಹಾಕಿದ ಬಟ್ಟೆಗೆ ಕೂತ ಕಲ್ಲಿದ್ದಲ ಧೂಳನ್ನು ಬೈಯುತ್ತಿದ್ದ
ಮೇಲಿನ ಮನೆಯ ಕಸ್ತೋದಿಯಾ ಬಾಯಿ
ನಮಗೂ ಒಂದು ಬೈಗುಳ ಉಳಿಸಿದ್ದರು:
ಹುಡುಗಿಯ ಉಗುರು ನೋಡಿ, ಉಗುರು.

ಜ್ಯಾಕು ಎತ್ತುವುದಕ್ಕೆ. ಹೊರುವುದಕ್ಕೆ ಸ್ಟ್ಯಾಂಡು.
ಧೂಳನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.
ಹದಿನಾಲ್ಕರ ಪಾನಾ. ಬೋಲ್ಟು ಬಿಸ್ಕತ್ತಿನ ಡಬ್ಬಿಗೆ.
ಕ್ಯಾಲಿಪರ್ ತನ್ನ ಪೈಪಿಗೇ ಜೋತುಬೀಳಬಾರದು;
ಲುಂಗಿಯ ಅಂಚು ಹರಿದು ಮೇಲಕ್ಕೆ ಕಟ್ಟಿದಳು,
ಮುರಿದ ಕೈಗೆ ಕಟ್ಟುತ್ತಾರಲ್ಲ, ಹಾಗೆ.

ಹಳೆಯ ಪ್ಯಾಡು ಮೂಸಿದಳು.
"ಅಪ್ಪಾ, ಇದು ನಿನ್ನ ವಾಸನಿ."
ರಾತ್ರಿ ಪಾಳಿಯವರನ್ನು ಏರ್‌ಪೋರ್ಟಿಗೆ ಬಿಟ್ಟು
ನಾನು ಮನೆಗೆ ತರುವುದು ಇದನ್ನೇ ಅಂತ
ನನಗೆ ಗೊತ್ತಿರಲಿಲ್ಲ.

ಪಿಸ್ಟನ್ ಒಳಗೆ ತಳ್ಳಿದೆವು, ಮೆಲ್ಲಗೆ,
ಬಾನೆಟ್ಟಿನ ಕೆಳಗೆ ಎಣ್ಣೆ ಏರುವುದನ್ನು ಅವಳೇ ಓಡಿಹೋಗಿ ನೋಡಿ ಬಂದಳು.
ಪಿನ್ನಿಗೆ ಗ್ರೀಸ್, ಪ್ಯಾಡಿನ ಮುಖಕ್ಕೆ ಬ್ಯಾಡ ಅಂತ ಎರಡು ಸಲ ಹೇಳಿದ್ದೆ.
ಗ್ರೀಸಿನ ಬೆರಳು ಆ ಮುಖದ ಹತ್ತಿರ, ಇನ್ನೂ ಹತ್ತಿರ.
ನನ್ನ ಕೈ ಎದ್ದಿತು.

ಗಂಗಾವತಿ. ಉಸ್ತಾದ್ ಲಾಡಸಾಬರ ಗ್ಯಾರೇಜು. ನನಗೆ ಹದಿಮೂರು.
ಎಡಗಿವಿಯಲ್ಲಿ ಈಗಲೂ ಮಳೆಗಾಲದಲ್ಲಿ ಒಂದು ಸಿಳ್ಳೆ.

ನೊಣ ಓಡಿಸುವವನಂತೆ ಕೈ ಬೀಸಿ ಇಳಿಸಿದೆ.
ನೊಣ ಇರಲಿಲ್ಲ.
ಅವಳು ನೋಡಿದಳು. ಬೆರಳು ಒರೆಸಿಕೊಂಡಳು, ಅಂಗಿಗೆ,
ಒಂದೊಂದಾಗಿ.

ಎಡಗಾಲಿ ಪೂರ್ತಿ ಅವಳದೇ. ಕತ್ತಲಾಗುತ್ತಿತ್ತು,
ನಾನು ಟಾರ್ಚ್ ಹಿಡಿದೆ; ಅಲ್ಲಾಡಿಸಬ್ಯಾಡ ಅಂತ
ನನಗೇ ಗದರಿದಳು.
ನಟ್ಟುಗಳನ್ನು ಎದುರುಬದುರು ಬಿಗಿದು
"ಜಾಲೆಂ!" ಅಂದಳು, ಸಂತೋಷವಾದರೆ ಅವಳಿಗೆ ಕೊಂಕಣಿ.

"ಆಗಿಲ್ಲ. ಏರಿ ಕೂಡು. ಪೆಡಲ್ ಒತ್ತು."
ಸೀಟಿನ ತುದಿಗೆ ಜಾರಿ ಕಾಲು ಚಾಚಿದಳು.
ಪೆಡಲ್ ಸುಮ್ಮನೆ ಹೋಯಿತು, ತಳದವರೆಗೆ,
ಬಾವಿಗೆ ಬಿಟ್ಟ ಹಗ್ಗದಂತೆ.
ಮುಖದ ರಕ್ತವೂ ಅದರ ಹಿಂದೆಯೇ.
"ಅಪ್ಪಾ, ನಾ ಮುರದೆ."

ಇದನ್ನು ಮರೆತೇ ನಾನು ಅವತ್ತು ಜೀಪು ಹೊರಟಿದ್ದು,
ಚಹಾದ ಗಾಡಿಗೆ ಗುದ್ದಿದ್ದು.
ಗಾಡಿಯ ಕತೆ ಹೇಳಿದೆ. ಕಪಾಳದ ಕತೆ ಬಿಟ್ಟೆ.
"ಮತ್ತ ಒತ್ತು."
ಅರ್ಧ ಹೋಯಿತು.
"ಮತ್ತ."
ಕಾಲಿಗೆ ಕಾಲು ಕೊಟ್ಟಂತೆ ಒಳಗಿನಿಂದ ಯಾರೋ ತಡೆದರು.
ಅವಳ ಹುಬ್ಬು ಮೇಲೇರಿತು.

ಕಲ್ಲು ಎತ್ತಿ ಗೋಡೆಗಿಟ್ಟು
ಇಳಿಜಾರಿಗೆ ಬಿಟ್ಟೆವು, ನಡೆಯುವವರ ವೇಗದಲ್ಲಿ.
ಕೆಳಗೆ ಬಂದರಿನ ದೀಪಗಳು, ಸೈಕಲ್ಲಿನ ಪಾವಿನವನ ಪೋಂ ಪೋಂ.
ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡ ದಾವಲಬಿ
ಅಲ್ಲಿಲ್ಲದ ಪೆಡಲನ್ನು
ಬರಿಗಾಲಲ್ಲಿ ಒತ್ತಿ ಹಿಡಿದಿದ್ದಳು.

ನಿಂತಿತು. ಸದ್ದಿಲ್ಲದೆ.

"ಇನ್ನೊಮ್ಮೆ," ಅಂದಳು.